ಗೇರಿಗೆ ಒದೆಯಬೇಡಿ

ಎರಡು ಚೀಲ ಶೇಂಗಾ ಹೇರಿಕೊಂಡು ಹೊಲದ ದಿಬ್ಬ ಏರುವಾಗ ನಾನು ಮೂರನೇ ಗೇರಿನಲ್ಲೇ ಅರ್ಧ ಕ್ಲಚ್ ಹಿಡಿದು ಬೈಕ್ ಎಳೆಸುತ್ತಿದ್ದೆ. ಒಂದೇ ಸುಗ್ಗಿಯಲ್ಲಿ ಕ್ಲಚ್ ಪ್ಲೇಟು ಸುಟ್ಟವು. ರಿಪೇರಿಗೆ ಕೊಟ್ಟ ದುಡ್ಡಿಗೆ ಬಿತ್ತನೆಯ ಗೊಬ್ಬರ ಬರ್ತಿತ್ತು.

ಆಮೇಲೆ ಕಲಿತದ್ದು ಇಷ್ಟು. ಗೇರು ಬದಲಿಸುವಾಗ ಮೊದಲು ಎಕ್ಸಿಲೇಟರ್ ಇಳಿಸಿ. ಕ್ಲಚ್ ಪೂರ್ತಿ ಹಿಡಿಯಿರಿ. ಅರೆಬರೆ ಹಿಡಿದರೆ ಗೇರು ಕಟಕಟ ಅಂತದೆ, ಸವೆಯುತ್ತದೆ. ಗೇರನ್ನು ಒಂದೇ ಸಲ ಪೂರ್ತಿ ಒತ್ತಿ, ಒದೆಯಬೇಡಿ. ಕ್ಲಚ್ ನಿಧಾನ ಬಿಡುತ್ತಾ ಎಕ್ಸಿಲೇಟರ್ ಕೊಡಿ. ದಿಬ್ಬ ಹತ್ತುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಓಡಿಸುವಾಗ ಗೇರಿನ ಮೇಲೆ ಕಾಲೂರಬೇಡಿ.

ಕ್ಲಚ್ ಹಿಡಿಕೆಯ ತುದಿಯಲ್ಲಿ 10-20 ಮಿ.ಮೀ. ಸಡಿಲ ಇರಲಿ. ನಾವು ಓಡಿಸುವ ಫೋರ್ ಸ್ಟ್ರೋಕ್ 100 ಸಿ.ಸಿ. ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರು ಮೂರಕ್ಕೂ ಒಂದೇ ಆಯಿಲ್. ಅದನ್ನು ವೇಳೆಗೆ ಸರಿಯಾಗಿ ಬದಲಿಸಿ.