ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ

ಈ ಸಲ ಯುಗಾದಿ ಮಾರ್ಚ್ 19ಕ್ಕೇ ಬಂದಿದೆ, ಮಗಳೇ. ಮನೆ ಹೊಸದು, ಸಂಸಾರ ಹೊಸದು, ಇಬ್ಬರೂ ಕೆಲಸಕ್ಕೆ ಹೋಗುವವರು. ಹಬ್ಬದೊಳಗೆ ಮನೆಯನ್ನು ಒಪ್ಪ ಮಾಡಬೇಕು, ಎಲ್ಲಿಂದ ಶುರು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿನ್ನ ಗಂಡನಿಗೂ ಓದಿ ಹೇಳು. ಇದರಲ್ಲಿ ಅವನ ಪಾಲಿನ ಕೆಲಸವೂ ಇದೆ.

ಮೊದಲಿಗೆ, ಡಬ್ಬಿ, ಬುಟ್ಟಿ, ಪ್ಲಾಸ್ಟಿಕ್ ಡ್ರಾಯರು ಅಂತ ಅಂಗಡಿಗೆ ಓಡಬೇಡ. ಏನು ಉಳಿಯಬೇಕು, ಏನು ಹೋಗಬೇಕು ಅಂತ ತೀರ್ಮಾನವಾಗುವ ಮೊದಲೇ ಡಬ್ಬಿ ತಂದರೆ ಬೇಡದ ಸಾಮಾನೆಲ್ಲ ಅದರೊಳಗೆ ಸೇರಿಕೊಂಡು ಇನ್ನೊಂದು ವರ್ಷ ಕೂತುಬಿಡುತ್ತದೆ.

ಅಡುಗೆಮನೆಯಿಂದ ಶುರು ಮಾಡು. ಡಬ್ಬಿ ತೊಳೆದು ಹೊಸತು ತುಂಬುವುದಕ್ಕೆ ಇದೇ ಸರಿಯಾದ ಕಾಲ. ಜನವರಿಯ ಹೊಸ ವರ್ಷಕ್ಕೆ ಬಿಸಿಲಿಗೆ ಇನ್ನೂ ಕಸುವು ಇರುವುದಿಲ್ಲ, ಯುಗಾದಿ ಹೊತ್ತಿಗೆ ಒಣಗಿಸಲು ಬೇಕಾದಂಥ ಬಿಸಿಲು ಬಂದಿರುತ್ತದೆ. ಹೊಸ ಹುಣಸೆಹಣ್ಣು ಬರುವುದು ಈಗ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ಸಾಲುಗಟ್ಟುವುದೂ ಈಗ. ಕಲಬುರಗಿ ಕಡೆ ಡಿಸೆಂಬರ್, ಜನವರಿಯಲ್ಲಿ ಕೊಯ್ದ ತೊಗರಿ ಬೇಳೆಯಾಗಿ ಅಂಗಡಿಗೆ ಬಂದಿರುತ್ತದೆ. ಹಿರಿಯರು ಹಬ್ಬದ ನೆಪದಲ್ಲಿ ಡಬ್ಬಿಗಳನ್ನೆಲ್ಲ ಬರಿದು ಮಾಡಿ, ತೊಳೆದು, ಹೊಸತನ್ನು ತುಂಬುತ್ತಿದ್ದದ್ದು ಸುಮ್ಮನೆ ಅಲ್ಲ. ಆ ಲೆಕ್ಕಾಚಾರ ನನಗೆ ಇವತ್ತಿಗೂ ಸರಿಯಾಗಿಯೇ ಕಾಣುತ್ತದೆ.

ಹಳೆಯ ರವೆ, ಹಿಟ್ಟುಗಳನ್ನು ಮೂಸಿ ನೋಡು. ಮುಗ್ಗಲು ವಾಸನೆ ಬಂದರೆ, ಇಲ್ಲವೇ ಬೆರಳು ಹಾಕಿದಾಗ ಎಳೆ ಎಳೆಯಾಗಿ ಬಲೆ ಕಟ್ಟಿದ್ದು ಕಂಡರೆ ಯೋಚನೆ ಮಾಡದೆ ಹಸಿಕಸಕ್ಕೆ ಹಾಕು. ಡಬ್ಬಿಗಳನ್ನು ತೊಳೆದು ಇಡೀ ದಿನ ಬಾಲ್ಕನಿಯ ಬಿಸಿಲಿಗೆ ಬೋರಲು ಹಾಕು, ಅಂಚಿನ ಮಡಿಕೆಯಲ್ಲಿ ಒಂದು ಹನಿ ಪಸೆ ಉಳಿದರೂ ತುಂಬಿದ್ದೆಲ್ಲ ಕೆಡುತ್ತದೆ. ರವೆಯನ್ನು ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ತುಂಬು. ಅಂಗೈಗೆ ಒಂದಿಷ್ಟು ಹರಳೆಣ್ಣೆ ಸವರಿಕೊಂಡು ತೊಗರಿಬೇಳೆಯನ್ನು ಉಜ್ಜಿ ಬಿಸಿಲಿಗೆ ಹರಡಿದರೆ ಹುಳ ಹತ್ತಿರ ಸುಳಿಯುವುದಿಲ್ಲ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಒಣಗಿಸಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಜಾಡಿಗೆ ಒತ್ತಿ ತುಂಬು. ಸ್ಟೀಲಿನ ಡಬ್ಬಿ ಬೇಡ, ಹುಳಿ ಉಪ್ಪು ಎರಡೂ ಸೇರಿದರೆ ಲೋಹವನ್ನು ತಿನ್ನುತ್ತವೆ. ಆದರೆ ಇಬ್ಬರೇ ಇರುವ ಮನೆಗೆ ಎಲ್ಲವನ್ನೂ ವರ್ಷಕ್ಕಾಗುವಷ್ಟು ತುಂಬಬೇಕಾಗಿಲ್ಲ. ಹುಣಸೆಹಣ್ಣು, ಮೆಣಸಿನಕಾಯಿ ಇದ್ದರೆ ಸಾಕು, ಉಳಿದದ್ದು ತಿಂಗಳು ತಿಂಗಳು ತಾ.

ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸು. ಒಳಗೆ ಏನಿದೆ, ಯಾವ ತಿಂಗಳು ತುಂಬಿದ್ದು, ಎರಡೇ ಸಾಲು. ನಿನಗೆ ಚೀಟಿ ಬೇಕಾಗಿಲ್ಲ, ನಿನ್ನ ಕೈಗೆ ಗೊತ್ತಿರುತ್ತದೆ. ನೀನು ಜ್ವರ ಬಂದು ಮಲಗಿದ ದಿನ ಗಂಜಿಗೆ ಅಕ್ಕಿತರಿ ಎಲ್ಲಿದೆ, ಜೀರಿಗೆ ಎಲ್ಲಿದೆ ಅಂತ ನಿನ್ನನ್ನೇ ಎಬ್ಬಿಸಿ ಕೇಳುವಂತಾಗಬಾರದು. ಮನೆ ಒಪ್ಪವಾಗಿದೆ ಅನ್ನುವುದನ್ನು ನಾನು ಹೀಗೆಯೇ ಅಳೆಯುತ್ತೇನೆ: ಒಬ್ಬರು ಇಲ್ಲದಿದ್ದರೂ ಇನ್ನೊಬ್ಬರಿಗೆ ಬೇಕಾದದ್ದು ಕೈಗೆ ಸಿಗಬೇಕು.

ಒಲೆಯ ಹತ್ತಿರ ಇದ್ದಾಗಲೇ ಬಗ್ಗಿ ಗ್ಯಾಸಿನ ಪೈಪನ್ನು ನೋಡಿಬಿಡು. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅಷ್ಟು ದಿನವೂ ಕಾಯಬೇಡ. ಸಿಲಿಂಡರಿನ ಹಿಡಿಗೆ ಆಸರೆಯಾಗಿರುವ ಪಟ್ಟಿಯ ಒಳಮೈಯಲ್ಲಿ ‘ಬಿ-28’ ಅನ್ನುವ ಥರ ಬರೆದಿರುತ್ತದೆ. ಅದು ಆ ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲಿನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಗಡುವು ದಾಟಿದ್ದನ್ನು ತಂದರೆ ಬಾಗಿಲಲ್ಲೇ ವಾಪಸು ಕಳಿಸು. ಇದನ್ನು ಓದುವುದಕ್ಕೆ ಮನೆಯವರೆಲ್ಲರೂ ಕಲಿತಿರಲಿ, ಸಿಲಿಂಡರ್ ಬಂದಾಗ ಯಾರು ಮನೆಯಲ್ಲಿರುತ್ತಾರೋ ಯಾರಿಗೆ ಗೊತ್ತು.

ಬಟ್ಟೆಯದು ಸುಲಭ. ಮದುವೆಯ ರೇಷ್ಮೆ ಸೀರೆಗಳನ್ನು ಬಿಚ್ಚಿ, ನೆರಳಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸು. ಒಂದೇ ಕಡೆ ಮಡಿಕೆ ಬಿದ್ದಲ್ಲಿ ಜರಿ ಮುರಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿಡು, ನುಸಿಗುಳಿಗೆ ಜರಿಗೆ ತಾಗದಿರಲಿ. ಉಡದ ಹತ್ತಿ ಸೀರೆಗಳನ್ನು ಎಸೆಯಬೇಡ. ಧಾರವಾಡ, ಬೆಳಗಾವಿ ಕಡೆ ಅಂಥವನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವ ಹೆಂಗಸರು ಈಗಲೂ ಇದ್ದಾರೆ, ನಿಮ್ಮ ಅತ್ತೆಯವರನ್ನು ಕೇಳಿದರೆ ಯಾರಾದರೂ ಗೊತ್ತಿರುತ್ತಾರೆ. ಹಾಗೆಯೇ ಔಷಧಿ ಡಬ್ಬಿಯಲ್ಲಿ ಅವಧಿ ಮುಗಿದ ಮಾತ್ರೆ, ಸಿರಪ್ ಇದ್ದರೆ ತೆಗೆದುಹಾಕು.

ಇನ್ನು ಕಾಗದಪತ್ರ. ಇಲ್ಲಿ ನಿಧಾನ ಮಾಡು, ಮಗಳೇ. ಧೂಳು ಈ ವರ್ಷ ಉಳಿದರೆ ಮುಂದಿನ ವರ್ಷ ಹೊಡೆಯಬಹುದು, ಇದು ಹಾಗಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಹೋದಾಗ ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಅವರ ಮಗ ಬೀರು ಕೆದಕಿಕೊಂಡು ಕೂತಿದ್ದ. ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಹಳೆಯ ಗ್ಯಾಸ್ ಪುಸ್ತಕ ಎಲ್ಲ ನೆಲದ ಮೇಲೆ. ಠೇವಣಿಯ ರಸೀದಿ ಕೊನೆಗೆ ಸಿಕ್ಕಿದ್ದು ಹಳೆಯ ಪಂಚಾಂಗದ ಹಾಳೆಗಳ ನಡುವೆ. ಆ ತಾಯಿಗೆ ಗಂಡನ ಖಾತೆ ಯಾವ ಬ್ಯಾಂಕಿನಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ದುಃಖದಲ್ಲಿ ಕೂತವರಿಗೆ ಇಂಥ ಅವಮಾನ ಬರಬಾರದು ಅಂತ ನನಗೆ ಬಹಳ ಅನ್ನಿಸಿದೆ.

ಒಂದೇ ಒಂದು ಗಟ್ಟಿ ಫೈಲು ಮಾಡಿ. ಮೊದಲ ಹಾಳೆಯಲ್ಲಿ ಯಾವ ಯಾವ ಬ್ಯಾಂಕು, ಯಾವ ಶಾಖೆ, ಯಾವ ವಿಮೆ, ಪಿಎಫ್, ಲಾಕರ್ ಇದ್ದರೆ ಅದರ ಕೀಲಿ ಎಲ್ಲಿ, ಇಷ್ಟು ಬರೆದಿಡಿ. ಪಿನ್ನು, ಪಾಸ್‌ವರ್ಡು ಇದರಲ್ಲಿ ಬರೆಯಲೇಬೇಡಿ. ಸಾಲದ ಮನೆಯಾದ್ದರಿಂದ ಕ್ರಯಪತ್ರದ ಮೂಲಪ್ರತಿ ಬ್ಯಾಂಕಿನಲ್ಲಿರುತ್ತದೆ. ಅವರಿಗೆ ಏನೇನು ಕೊಟ್ಟಿರಿ ಅನ್ನುವ ಪಟ್ಟಿ, ಕ್ರಯಪತ್ರದ ಜೆರಾಕ್ಸು, ಇ-ಖಾತಾ, ಆಸ್ತಿ ತೆರಿಗೆ ರಸೀದಿ ಒಂದು ಕಡೆ ಇರಲಿ. ಆ ತೆರಿಗೆಯನ್ನು ಏಪ್ರಿಲಿನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಯುಗಾದಿ ಮುಗಿದ ಕೂಡಲೇ ನೆನಪು ಮಾಡಿಕೊಳ್ಳಿ. ಮಾರ್ಚ್ 31ರೊಳಗೆ ಮುಗಿಸಬೇಕಾದ ತೆರಿಗೆ ಉಳಿತಾಯದ ಕಾಗದಗಳನ್ನೂ ಇದೇ ನೆಪದಲ್ಲಿ ನೋಡಿಬಿಡಿ.

ಆಮೇಲೆ ನಾಮಿನಿ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ಇಬ್ಬರದೂ ಅಪ್ಪ ಅಮ್ಮನ ಹೆಸರೇ ಇರುತ್ತದೆ, ಕೆಲವದರಲ್ಲಿ ಯಾರ ಹೆಸರೂ ಇರುವುದಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಮಾಡಬಹುದು, ಆದ್ದರಿಂದ ಹೆತ್ತವರ ಹೆಸರು ತೆಗೆಯಬೇಕೆ ಅನ್ನುವ ಸಂಕೋಚವೂ ಬೇಡ. ಕಾಲೇಜಿನ ದಿನಗಳಲ್ಲಿ ತೆರೆದು ಮರೆತ ಖಾತೆ ಇದ್ದರೆ ಹುಡುಕಿ. 10 ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದೇನೂ ಮುಳುಗುವುದಿಲ್ಲ, ಬ್ಯಾಂಕಿಗೆ ಅರ್ಜಿ ಕೊಟ್ಟು ವಾಪಸು ಪಡೆಯಬಹುದು, ಹುಡುಕುವುದಕ್ಕೆ ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಅನ್ನುವ ತಾಣವನ್ನೂ ಮಾಡಿದೆ. ಆದರೂ ಅಲೆದಾಟ ಯಾಕೆ?

ಹಬ್ಬದ ಹಿಂದಿನ ಭಾನುವಾರ, 15ನೇ ತಾರೀಖು, ಊಟ ಮುಗಿಸಿ ಇಬ್ಬರೂ ಎದುರುಬದುರು ಕೂತು ಆ ಫೈಲು ಬಿಚ್ಚಿ. ಅವನದು ನೀನು ಓದು, ನಿನ್ನದು ಅವನು ಓದಲಿ. ಅತ್ತೆಯವರು ಹಬ್ಬಕ್ಕೆ ಬಂದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಪಿಂಚಣಿ ಪುಸ್ತಕ ಎಲ್ಲಿದೆ ಅಂತ ಮೆಲ್ಲಗೆ ಕೇಳಿ, ಅವರಿಗೆ ಹೇಳಲು ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಸುಸ್ತಾದರೆ ಅಟ್ಟ ತೆಗೆಯುವುದನ್ನು ಬೇಸಿಗೆ ರಜೆಗೆ ಬಿಟ್ಟುಕೊಳ್ಳಿ, ಹಬ್ಬಕ್ಕೆ ಬಂದವರು ಯಾರೂ ಅಟ್ಟ ಹತ್ತಿ ನೋಡುವುದಿಲ್ಲ. ಫೈಲಿನ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ.