ಕೊರಿಯನ್ ನುಡಿಯಲ್ಲಿ ‘ಜೀವ’

ಜೀವ, ಬಾಳು, ಬದುಕು ಎಂದು ನಾವು ಕನ್ನಡದಲ್ಲಿ ಬೇರೆ ಬೇರೆಯಾಗಿ ಹೇಳುವಂತೆ ಕೊರಿಯನ್ನರಿಗೂ ಒಂದೇ ಮಾತು ಸಾಲದು. ಜೀವವಿಜ್ಞಾನಿಯು ಪರೀಕ್ಷಿಸುವ ಜೀವವು ‘ಸೆಂಗ್‌ಮ್ಯೊಂಗ್’. ಮನುಷ್ಯನು ಹುಟ್ಟಿನಿಂದ ಸಾವಿನವರೆಗೆ ಸವೆಸುವ ಬಾಳು ‘ಇನ್‌ಸೆಂಗ್’. ದಿನನಿತ್ಯದ ಜೀವನಕ್ರಮ ‘ಸೆಂಗ್‌ಹ್ವಾಲ್’. ಮೂರರಲ್ಲಿಯೂ ಕಾಣುವ ‘ಸೆಂಗ್’ ಚೀನೀ ಮೂಲದ್ದು, ನಮ್ಮಲ್ಲಿ ಸಂಸ್ಕೃತವಿದ್ದಂತೆ.

ಅಚ್ಚ ಕೊರಿಯನ್ ಪದಗಳೇ ನಮಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತವೆ. ‘ಸಾಲ್‌ದಾ’ ಎಂದರೆ ಬದುಕುವುದು. ಅದರಿಂದ ಹುಟ್ಟಿದ ನಾಮಪದದ ಬರಹದಲ್ಲಿ ಲಕಾರವಿದ್ದರೂ ಬಿಡಿಯಾಗಿ ನುಡಿದಾಗ ‘ಸಾಮ್’ ಎಂದಷ್ಟೇ ಕೇಳಿಸುತ್ತದೆ. ಇನ್ನೊಂದು ‘ಮೊಕ್‌ಸುಮ್’. ‘ಮೊಕ್’ ಎಂದರೆ ಕೊರಳು, ‘ಸುಮ್’ ಎಂದರೆ ಉಸಿರು. ಅಪಾಯಕ್ಕೊಡ್ಡುವ, ಕಳೆದುಕೊಳ್ಳುವ, ಉಳಿಸಿಕೊಳ್ಳುವ ಜೀವವಿದು. ನಮ್ಮ ‘ಪ್ರಾಣ’ ಶಬ್ದದ ಮೂಲದಲ್ಲಿಯೂ ಉಸಿರೇ ಇರುವುದನ್ನು ವಾಚಕರು ನೆನೆಯಬಹುದು. ಮುಳುಗುತ್ತಿರುವವನನ್ನು ದಡಕ್ಕೆಳೆದು ಅವನ ‘ಸೆಂಗ್‌ಹ್ವಾಲ್’ ಉಳಿಸಿದೆವೆಂದರೆ ಕೇಳಿದ ಕೊರಿಯನ್ನನು ತಬ್ಬಿಬ್ಬಾದಾನು; ಅಲ್ಲಿ ‘ಮೊಕ್‌ಸುಮ್’ ಎನ್ನುವುದು ಸರಿ.