ಹೊಸಮನೆಯ ಔತಣ

ಹೊಸಪೇಟೆಯಿಂದ ಕಮಲಾಪುರದ ದಾರಿಯಾಗಿ ಹಂಪೆಗೆ ಹೋಗುವವರಿಗೆ ವಿರೂಪಾಕ್ಷ ದೇವಾಲಯಕ್ಕೂ ಮೊದಲು ಎದುರಾಗುವುದು ಅರಮನೆಯ ಆವರಣ. ಅಲ್ಲಿ ಮಹಾನವಮಿ ದಿಬ್ಬವಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲಿನ ಪುಷ್ಕರಣಿಯಿದೆ. ದಿಬ್ಬಕ್ಕೆ ಅನತಿದೂರದಲ್ಲಿ ವಿಶಾಲವಾದ ಒಂದು ಕಲ್ಲಿನ ಜಗತಿ ಕಾಣುತ್ತದೆ. ಅದರ ಮೇಲೆ ಗೋಡೆಯಿಲ್ಲ, ಸೂರಿಲ್ಲ. ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬಗಳನ್ನು ನಿಲ್ಲಿಸಿದ್ದ ಗುರುತುಗಳು ಮಾತ್ರ ಉಳಿದಿವೆ. ಕಂಬಗಳು ಮರದವು, ಅವು ಎಂದೋ ಅಳಿದುಹೋದವು. ಇದು ಅರಸರ ಸಭಾಮಂಟಪವಾಗಿತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ನೆರಳಿಲ್ಲದ ಆ ಜಗತಿಯ ಮೇಲೆ ಪ್ರವಾಸಿಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೃಷ್ಣದೇವರಾಯನು ಹೊಸಪೇಟೆಯನ್ನು ಕಟ್ಟಿಸುವುದಕ್ಕೆ ಬಹಳ ವರ್ಷಗಳ ಮೊದಲು, ಕ್ರಿ. ಶ. 1443ರ ಸುಮಾರಿನಲ್ಲಿ, ಈ ನಗರದಲ್ಲಿ ಒಂದು ಘೋರ ಪ್ರಕರಣ ನಡೆಯಿತು. ರಾಜಧಾನಿಯ ಗಣ್ಯರು ಔತಣಕ್ಕೆಂದು ಒಂದು ಮನೆಗೆ ಹೋದರು. ಹೋದವರಲ್ಲಿ ಒಬ್ಬರೂ ಹಿಂತಿರುಗಲಿಲ್ಲ.

ಆಗ ವಿಜಯನಗರದ ಸಿಂಹಾಸನದಲ್ಲಿದ್ದವನು ಎರಡನೆಯ ದೇವರಾಯ. ಪ್ರೌಢದೇವರಾಯನೆಂದು ಕನ್ನಡಿಗರು ಬಲ್ಲ ಅರಸನು ಇವನೇ. ಗಜಬೇಟೆಕಾರನೆಂಬುದು ಇವನ ಬಿರುದು. ‘ಪ್ರಭುಲಿಂಗಲೀಲೆ’ಯನ್ನು ರಚಿಸಿದ ಚಾಮರಸನು ಇವನ ಆಶ್ರಯದಲ್ಲಿದ್ದನೆಂದು ಪ್ರತೀತಿಯಿದೆ. ಇಂಥ ಅರಸನಿಗೆ ಒಬ್ಬ ಸಹೋದರನಿದ್ದನು. ಅವನು ತನಗಾಗಿ ಹೊಸದೊಂದು ಮನೆಯನ್ನು ಕಟ್ಟಿಸಿದನು. ಮನೆ ಕಟ್ಟಿದವನು ನಾಲ್ಕು ಜನರನ್ನು ಕರೆದು ಊಟಕ್ಕಿಕ್ಕುವುದು ನಮ್ಮ ನಾಡಿನಲ್ಲಿ ಇಂದಿಗೂ ಇರುವ ಪದ್ಧತಿ. ಸಹೋದರನು ಅರಸನನ್ನೂ ರಾಜ್ಯದ ಮುಖ್ಯಸ್ಥರನ್ನೂ ಔತಣಕ್ಕೆ ಆಹ್ವಾನಿಸಿದಾಗ ಯಾರಿಗೂ ಸಂಶಯ ಹುಟ್ಟಲಿಲ್ಲ.

ಆಹ್ವಾನಿತರೆಲ್ಲರೂ ಬಂದು ದೊಡ್ಡದೊಂದು ಚಾವಡಿಯಲ್ಲಿ ಕುಳಿತರು. ಪಟ್ಟಣದಲ್ಲಿದ್ದ ನಗಾರಿ, ಡೋಲು, ಕಹಳೆ, ಕೊಳಲುಗಳೆಲ್ಲವೂ ಅಲ್ಲಿಗೆ ಬಂದಿದ್ದವು. ಅವನ್ನೆಲ್ಲ ಒಟ್ಟಿಗೆ ನುಡಿಸಲಾರಂಭಿಸಿದರು. ಪಕ್ಕದವನ ಮಾತು ಪಕ್ಕದವನಿಗೆ ಕೇಳಿಸದಂಥ ಗದ್ದಲ! ನಡುನಡುವೆ ಆತಿಥೇಯನು ತಾನೇ ಬಂದೋ ದೂತನನ್ನು ಕಳುಹಿಸಿಯೋ ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುತ್ತಿದ್ದನು. ಒಬ್ಬರೆದುರಿಗೆ ಇನ್ನೊಬ್ಬರು ಉಣ್ಣದಿರುವ ಮಡಿವಂತಿಕೆ ಅಂದಿನ ಗಣ್ಯರಲ್ಲಿತ್ತಂತೆ. ಆದುದರಿಂದ ಹೀಗೆ ಒಬ್ಬೊಬ್ಬರನ್ನೇ ಒಳಗೆ ಕರೆಯುವುದು ವಿಚಿತ್ರವಾಗಿ ತೋರಲಿಲ್ಲ, ಮರ್ಯಾದೆಯಾಗಿಯೇ ತೋರಿರಬೇಕು. ಕರೆಯಿಸಿಕೊಂಡವನು ಎದ್ದು ಒಳಗೆ ಹೋಗುವನು. ಅಲ್ಲಿ ಮರೆಯಲ್ಲಿ ಹೊಂಚುಹಾಕಿದ್ದ ಇಬ್ಬರು ಕೊಲೆಗಡುಕರು ಅವನ ಮೇಲೆ ಬೀಳುವರು. ಅವನ ಕೂಗು ನಗಾರಿಯ ಸದ್ದಿನಲ್ಲಿ ಅಡಗಿಹೋಗುವುದು. ಶವವನ್ನು ಅತ್ತ ಸರಿಸಿದ ಮೇಲೆ ಮತ್ತೊಬ್ಬನಿಗೆ ಕರೆ. ಚಾವಡಿಯಲ್ಲಿ ಕುಳಿತವರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಒಳಗೆ ಹೋದವನು ಉಂಡು ಬೇರೆ ಬಾಗಿಲಿನಿಂದ ಮನೆಗೆ ಹೋದನೆಂದೇ ಅವರು ಭಾವಿಸಿರಬಹುದು.

ಹೀಗೆ ಹೆಸರುಳ್ಳವರೆಲ್ಲರೂ ಮುಗಿದ ಮೇಲೆ ಸಹೋದರನು ಅರಮನೆಗೆ ನಡೆದನು. ಅಲ್ಲಿದ್ದ ಕಾವಲುಗಾರರನ್ನು ಸವಿಮಾತುಗಳಿಂದ ಒಲಿಸಿ, ಔತಣಕ್ಕೆಂದು ತನ್ನ ಮನೆಗೆ ಕಳುಹಿಸಿದನು. ಅವರ ಗತಿಯೂ ಅದೇ ಆಯಿತು. ಈಗ ಅರಮನೆಗೆ ಕಾವಲಿಲ್ಲ. ಸಹೋದರನು ಕೈಯಲ್ಲಿ ತಾಂಬೂಲದ ಹರಿವಾಣವನ್ನು ಹಿಡಿದು ಅರಸನ ಸನ್ನಿಧಿಗೆ ಬಂದನು. ವೀಳ್ಯವನ್ನು ಕೊಡುವುದು ಆ ಕಾಲದಲ್ಲಿ ಗೌರವದ ಕುರುಹು. ಅದನ್ನು ಹಿಡಿದು ಬಂದವನನ್ನು ತಡೆದು ಶೋಧಿಸುವವರಾರು? ಎಲೆಯಡಿಕೆಯ ಕೆಳಗೆ ಕಠಾರಿಯಿತ್ತು.

ಎಲ್ಲವೂ ಸಿದ್ಧವಾಗಿದೆ, ತಾವು ದಯಮಾಡಿಸುವುದೊಂದೇ ಬಾಕಿ ಎಂದು ಅವನು ಬಿನ್ನವಿಸಿಕೊಂಡನು. ದೇವರಾಯನು ತನಗೆ ಅಂದು ಮೈಯಲ್ಲಿ ಸ್ವಸ್ಥವಿಲ್ಲವೆಂದನು. ಆ ಮಾತು ನಿಜವೋ, ನೆಪವೋ, ಮನಸ್ಸಿನಲ್ಲಿ ಮೂಡಿದ ಯಾವುದೋ ಅಳುಕೋ! ಅರಸನು ತನ್ನ ಮನೆಗೆ ಬಾರನೆಂದು ಖಚಿತವಾದೊಡನೆ ಸಹೋದರನು ಕಠಾರಿಯನ್ನು ಹಿರಿದು ಮೇಲಿಂದ ಮೇಲೆ ಇರಿದನು. ಅರಸನು ಸಿಂಹಾಸನದ ಹಿಂದಕ್ಕೆ ಉರುಳಿ ಬಿದ್ದನು.

ಇಲ್ಲಿ ಕೊಲೆಗಾರನು ಒಂದು ತಪ್ಪು ಮಾಡಿದನು. ಅರಸನು ಸತ್ತನೇ ಇಲ್ಲವೇ ಎಂಬುದನ್ನು ಅವನು ನೋಡಲಿಲ್ಲ. ತಲೆಯನ್ನು ಕತ್ತರಿಸುವ ಕೆಲಸವನ್ನು ಒಬ್ಬ ನಂಬಿಕೆಯ ಬಂಟನಿಗೆ ಬಿಟ್ಟು, ತಾನು ಅರಮನೆಯ ಮುಖಮಂಟಪಕ್ಕೆ ಧಾವಿಸಿದನು. ಅರಸನೂ ಮಂತ್ರಿಗಳೂ ಹತರಾದರೆಂದು, ಇನ್ನು ಮುಂದೆ ತಾನೇ ಅರಸನೆಂದು ನೆರೆದ ಜನಕ್ಕೆ ಸಾರಿದನು. ಒಳಗೆ ಬಂಟನು ಸಿಂಹಾಸನವನ್ನು ಸಮೀಪಿಸಿದನು. ಗಾಯಗೊಂಡು ಬಿದ್ದಿದ್ದ ದೇವರಾಯನು ಆ ಪೀಠವನ್ನೇ ಎತ್ತಿ ಅವನ ಎದೆಗೆ ಅಪ್ಪಳಿಸಿದನು. ಬಂಟನು ಹಿಂದಕ್ಕೆ ಬಿದ್ದನು. ಆಗ ಒಂದು ಮೂಲೆಯಿಂದ ಒಬ್ಬ ಕಾವಲುಗಾರನು ಹೊರಬಂದನು. ಈ ಭಯಂಕರ ಕೃತ್ಯವನ್ನು ಕಂಡು ಹೆದರಿ ಅಡಗಿಕೊಂಡಿದ್ದವನು ಅವನು. ಅವನ ನೆರವಿನಿಂದ ಅರಸನು ಬಂಟನನ್ನು ಕೊಂದು, ಅಂತಃಪುರದ ದಾರಿಯಾಗಿ ಹೊರಕ್ಕೆ ಬಂದನು.

ಸಹೋದರನು ಇನ್ನೂ ಮೆಟ್ಟಿಲ ಮೇಲೆ ನಿಂತು ಜನರ ಒಪ್ಪಿಗೆಯನ್ನು ಬೇಡುತ್ತಿದ್ದನು. ಅಷ್ಟರಲ್ಲಿ ಸತ್ತನೆಂದು ಸಾರಲ್ಪಟ್ಟ ಅರಸನು ಜನರ ಕಣ್ಣೆದುರಿಗೆ ಬಂದು ನಿಂತು, ತಾನು ಬದುಕಿರುವೆನೆಂದು, ದ್ರೋಹಿಯನ್ನು ಹಿಡಿಯಿರೆಂದು ಕೂಗಿದನು. ಜನರ ಗುಂಪು ಸಹೋದರನ ಮೇಲೆ ಮುಗಿಬಿದ್ದು ಅವನನ್ನು ಅಲ್ಲಿಯೇ ಮುಗಿಸಿತು.

ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಇದು ಚರಿತ್ರೆ. ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ಕಂಡವರೇ?

ಈ ವೃತ್ತಾಂತವನ್ನು ಬರೆದಿಟ್ಟವನು ಅಬ್ದುರ್ ರಜಾಕ್ ಎಂಬ ಪಾರಸಿ ವಿದ್ವಾಂಸ. ಇಂದಿನ ಅಫಘಾನಿಸ್ತಾನದಲ್ಲಿರುವ ಹೆರಾತ್ ನಗರದಿಂದ ಆಳುತ್ತಿದ್ದ ಶಾರುಖ್ ಸುಲ್ತಾನನು ಅವನನ್ನು ರಾಯಭಾರಿಯಾಗಿ ಕಲ್ಲಿಕೋಟೆಗೆ ಕಳುಹಿಸಿದ್ದನು. ಅಲ್ಲಿರುವಾಗ ವಿಜಯನಗರದ ಅರಸನಿಂದ ಕರೆ ಬಂದಿತು. ಅವನು ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಘಟ್ಟವನ್ನೇರಿ, 1443ರ ಏಪ್ರಿಲ್ ಕೊನೆಯ ಹೊತ್ತಿಗೆ ರಾಜಧಾನಿಯನ್ನು ಸೇರಿದನು. ಕೊಲೆಗಳು ನಡೆದುದು ತಾನಿನ್ನೂ ಕಲ್ಲಿಕೋಟೆಯಲ್ಲಿದ್ದಾಗ ಎಂದು ಅವನೇ ಹೇಳುತ್ತಾನೆ. ಅಂದರೆ ಅವನು ಕೊಲೆಯನ್ನು ಕಂಡವನಲ್ಲ. ಕೊಲೆಯಾದ ಊರಿಗೆ ಕೆಲವೇ ತಿಂಗಳೊಳಗಾಗಿ ಬಂದವನು. ಬೀದಿಯಲ್ಲಿ, ಛತ್ರದಲ್ಲಿ, ಆಸ್ಥಾನದಲ್ಲಿ ಜನರು ಇನ್ನೂ ಅದೇ ಮಾತನ್ನು ಆಡುತ್ತಿದ್ದಿರಬೇಕು.

ಇರಿತಕ್ಕೊಳಗಾದ ಅರಸನನ್ನು ಮಾತ್ರ ಅವನು ಕಂಡನು. ರೇಷ್ಮೆಯ ಉಡುಪು, ಕೊರಳಲ್ಲಿ ಮುತ್ತಿನ ಹಾರ, ಎತ್ತರವಾದ ತೆಳುಮೈ ಎಂದು ಆ ಮೊದಲ ಭೇಟಿಯನ್ನು ವರ್ಣಿಸುತ್ತಾನೆ. ಆ ವರ್ಣನೆಯಲ್ಲಿ ಗಾಯದ ಮಾತಿಲ್ಲ. ಉಡುಪಿನ ಮರೆಯಲ್ಲಿದ್ದ ಗಾಯವು ಕಾಣದೆ ಹೋಗಿರಬಹುದು. ಕಂಡರೂ ರಾಯಭಾರಿಯಾದವನು ಅದನ್ನು ನೋಡದಂತೆ ಇರುವುದು ಶಿಷ್ಟಾಚಾರ.

ಇನ್ನೊಬ್ಬ ಸಾಕ್ಷಿಯೂ ಉಂಟು. ಫೆರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸನು ಕುದುರೆ ವ್ಯಾಪಾರಕ್ಕಾಗಿ ಬಂದು, 1535ರಿಂದ ಸುಮಾರು ಮೂರು ವರ್ಷ ವಿಜಯನಗರದಲ್ಲಿದ್ದನು. ಅವನು ಕೇಳಿ ಬರೆದ ಅರಸರ ಚರಿತ್ರೆಯಲ್ಲಿ ಇಂಥದೇ ಒಂದು ಪ್ರಕರಣ ಬರುತ್ತದೆ. ಆದರೆ ಅವನ ಪ್ರಕಾರ ಅರಸನ ಹೆಸರು ಪಿನರಾವ್. ಕೊಲೆಗಾರನು ಸಹೋದರನಲ್ಲ, ಸಹೋದರನ ಮಗನೋ ಸೋದರಳಿಯನೋ ಆಗಬೇಕು. ಕನ್ನಡದಲ್ಲಿ ಈ ಎರಡು ನಂಟಿಗೂ ಬೇರೆ ಬೇರೆ ಹೆಸರುಗಳಿವೆ. ಪೋರ್ಚುಗೀಸರು ಎರಡಕ್ಕೂ ಒಂದೇ ಮಾತನ್ನು ಬಳಸುತ್ತಾರಾದ್ದರಿಂದ ಅವನು ಯಾರ ಮಗನೆಂದು ನಿರ್ಧರಿಸುವುದು ಕಷ್ಟ. ಕಠಾರಿಗೆ ವಿಷ ಸವರಿತ್ತೆಂದೂ ಅರಸನು ಆರು ತಿಂಗಳಲ್ಲಿ ಸತ್ತನೆಂದೂ ನ್ಯೂನಿಜ್ ಹೇಳುತ್ತಾನೆ.

ಒಬ್ಬನು ಬದುಕಿದನೆನ್ನುತ್ತಾನೆ, ಇನ್ನೊಬ್ಬನು ಸತ್ತನೆನ್ನುತ್ತಾನೆ. ಯಾರ ಮಾತನ್ನು ನಂಬಬೇಕು? ಇಂಥ ಸಂದರ್ಭದಲ್ಲಿ ಚರಿತ್ರಕಾರನು ಪತ್ತೇದಾರನಂತೆಯೇ ಮೂರನೆಯ ಸಾಕ್ಷಿಯನ್ನು ಅರಸುತ್ತಾನೆ. ಆ ಸಾಕ್ಷಿ ಹಂಪೆಯಿಂದ ಬಹುದೂರದಲ್ಲಿ, ಶ್ರವಣಬೆಳಗೊಳದಲ್ಲಿದೆ. ಅಲ್ಲಿನ ಶಾಸನಗಳು ಪ್ರತಾಪ ದೇವರಾಯನ ಮರಣವನ್ನು ತಿಥಿವಾರ ಸಹಿತವಾಗಿ ದಾಖಲಿಸಿವೆ. ಲೆಕ್ಕ ಹಾಕಿದರೆ ಅದು 1446ರ ಮೇ 24, ಮಂಗಳವಾರ. ಈತನೇ ಎರಡನೆಯ ದೇವರಾಯನೆಂದು ಚರಿತ್ರಕಾರರು ಸಾಮಾನ್ಯವಾಗಿ ಒಪ್ಪಿದ್ದಾರೆ. ಹಾಗಾದರೆ ಇರಿತಕ್ಕೂ ಮರಣಕ್ಕೂ ನಡುವೆ ಕಳೆದುದು ಆರು ತಿಂಗಳಲ್ಲ, ಮೂರು ವರ್ಷಕ್ಕೂ ಮಿಕ್ಕಿದ ಕಾಲ. ಘಟನೆ ನಡೆದು ತೊಂಬತ್ತು ವರ್ಷಗಳಾದ ಮೇಲೆ ಕೇಳಿ ಬರೆದ ನ್ಯೂನಿಜನ ಕಿವಿಗೆ ಎರಡು ಕಾಲದ ಸುದ್ದಿಗಳು ಬೆರೆತು ಬಿದ್ದಿರಬೇಕು. ಸತ್ಯವು ಬಾಯಿಂದ ಬಾಯಿಗೆ ದಾಟುವಾಗ ಮೊದಲು ಕಳೆದುಕೊಳ್ಳುವುದು ಹೆಸರನ್ನೂ ದಿನವನ್ನೂ. ನಗಾರಿ, ಕಠಾರಿಗಳಂಥ ವಿವರಗಳು ಮರೆಯುವುದಿಲ್ಲ.

ಕೊಲೆಯ ಕಥೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಇನ್ನೊಂದು ಸಂಶಯ ಬಂದೀತು. ಆ ದಿನ ಊರಿನಲ್ಲಿಲ್ಲದಿದ್ದವರು ಯಾರು? ಹಿರಿಯರಲ್ಲಿ ಉಳಿದುಕೊಂಡವನು ಒಬ್ಬನೇ: ಅಬ್ದುರ್ ರಜಾಕನು ‘ದನಾಯಕ’ನೆಂದು ಕರೆಯುವ ಮಂತ್ರಿ. ಅವನು ಸಿಂಹಳದ ಕಡೆಗೆ ಹೋಗಿದ್ದನು. ‘ಶಿವತತ್ತ್ವ ಚಿಂತಾಮಣಿ’ಯನ್ನು ಬರೆದ ಲಕ್ಕಣ್ಣ ದಂಡೇಶನೇ ಇವನೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಇವನ ಮೇಲೆ ಬೆರಳು ತೋರಿಸಲು ಆಧಾರವಿಲ್ಲ. ಅರಸನು ಓಲೆಕಾರನನ್ನು ಅಟ್ಟಿ ಇವನನ್ನು ಹಿಂದಕ್ಕೆ ಕರೆಯಿಸಿಕೊಂಡನು. ವಿಜಯನಗರದ ಮುಖ್ಯಸ್ಥರು ಹತರಾದರೆಂಬ ಸುದ್ದಿ ಕೇಳಿ ಹಿಗ್ಗಿದ ಬಹಮನಿ ಸುಲ್ತಾನನು ಏಳು ಲಕ್ಷ ವರಹಗಳನ್ನು ಕೇಳಿ ಕಳುಹಿಸಿದಾಗ, ಕಲಬುರಗಿಯ ಗಡಿಗೆ ಸೈನ್ಯವನ್ನು ಕರೆದೊಯ್ದವನೂ ಇವನೇ. ತಾನು ಸಂಶಯಿಸಿದ ಮನುಷ್ಯನ ಕೈಗೆ ಯಾವ ಅರಸನೂ ಸೈನ್ಯವನ್ನು ಕೊಡಲಾರ.

ಆದರೆ ಈ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ ಅಂಶ ಬೇರೆಯದೇ ಇದೆ. ಸಿಂಹಾಸನದ ಬಳಿ ನಡೆದುದನ್ನು ಹೇಳಲು ಅರಸನಿದ್ದನು, ಮೂಲೆಯಲ್ಲಿ ಅಡಗಿದ್ದ ಕಾವಲುಗಾರನಿದ್ದನು. ಹೊಸಮನೆಯ ಒಳಗೆ ನಡೆದುದನ್ನು ಹೇಳಿದವರಾರು? ಅತಿಥಿಗಳಲ್ಲಿ ಯಾರೂ ಬದುಕಿರಲಿಲ್ಲ. ಮನೆಯೊಡೆಯನು ಜನರ ಕೈಯಲ್ಲಿ ಸತ್ತನು. ಮರೆಯಲ್ಲಿ ಹೊಂಚುಹಾಕಿದ್ದವರು ಇಬ್ಬರೆಂದೂ, ಒಬ್ಬೊಬ್ಬರನ್ನೇ ಕರೆದರೆಂದೂ ಹೊರಗಿನವರಿಗೆ ತಿಳಿದುದು ಸೆರೆ ಸಿಕ್ಕಿದವರ ಬಾಯಿಂದಲೇ ಇರಬೇಕು. ಆ ಬಾಯಿಗಳನ್ನು ತೆರೆಸಿದ ಬಗೆ ಹೇಗಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅರಸನ ಸೇಡು ಔತಣಕ್ಕಿಂತ ಕ್ರೂರವಾಗಿತ್ತು. ಸಂಚಿನಲ್ಲಿ ಯಾವುದೇ ರೀತಿಯಿಂದ ಪಾಲಿದ್ದವರನ್ನೆಲ್ಲ ಕೊಲ್ಲಿಸಿದರು. ಕೆಲವರ ಚರ್ಮವನ್ನು ಸುಲಿದರು, ಕೆಲವರನ್ನು ಜೀವಂತ ಸುಟ್ಟರು. ಅವರ ಮನೆತನಗಳನ್ನೇ ನಿರ್ಮೂಲ ಮಾಡಿದರು ಎಂದು ರಜಾಕನು ಬರೆಯುತ್ತಾನೆ. ಮನೆತನವೆಂದ ಮೇಲೆ ಅದರಲ್ಲಿ ಮುದುಕರಿದ್ದರು, ಮಕ್ಕಳಿದ್ದರು. ಅವರಿಗೆ ಕಠಾರಿಯ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ದೇವರಾಯನನ್ನು ಹೊಗಳುವ ಪುಸ್ತಕಗಳು ಈ ಭಾಗವನ್ನು ಹಾರಿಸಿಬಿಡುವುದುಂಟು; ಹಾಗೆ ಮಾಡುವುದು ಉಚಿತವಲ್ಲ.

ಶಿಕ್ಷೆಗೆ ಗುರಿಯಾದವರಲ್ಲಿ ಒಬ್ಬನನ್ನು ರಜಾಕನು ಪ್ರತ್ಯೇಕವಾಗಿ ನೆನೆಯುತ್ತಾನೆ. ಅವನು ಔತಣದ ಆಹ್ವಾನವನ್ನು ಗಣ್ಯರಿಗೆ ಮುಟ್ಟಿಸಿದವನು. ಒಡೆಯನ ಅಪ್ಪಣೆಯಂತೆ ಬಾಗಿಲು ಬಾಗಿಲಿಗೆ ಹೋಗಿ, ಕೈಮುಗಿದು, ಹೊಸಮನೆಗೆ ದಯಮಾಡಿಸಬೇಕೆಂದು ಕೇಳಿಕೊಂಡಿರಬೇಕು. ಅವನನ್ನು ಅತ್ಯಂತ ಘೋರವಾದ ಚಿತ್ರಹಿಂಸೆಗೆ ಒಳಪಡಿಸಿದರು. ತಾನು ಹೊತ್ತ ಆಹ್ವಾನದ ಒಳಗೆ ಏನಿದೆಯೆಂಬುದು ಅವನಿಗೆ ತಿಳಿದಿತ್ತೇ, ಇಲ್ಲವೇ? ರಜಾಕನು ಅದನ್ನು ಹೇಳುವುದಿಲ್ಲ. ಅವನ ಹೆಸರನ್ನೂ ಹೇಳುವುದಿಲ್ಲ.